ತಣ್ಣೀರಿನಲ್ಲಿ ಒರೆಸಿದ ಕಲೆ

ಕಲೆ ಯಾವುದರದು ಎಂದು ಕೇಳಬಹುದು, ಹೇಗಾಯಿತು ಎಂದು ಕೇಳಕೂಡದು. ನಮ್ಮ ಲಾಂಡ್ರಿಗೆ ಅಪ್ಪ ಮಾಡಿಟ್ಟ ಕಟ್ಟಳೆ ಇದು. ಬಿಳಿ ಅಂಗಿಯ ಕಾಲರಿಗೆ ತುಟಿಬಣ್ಣ ಮೆತ್ತಿಕೊಂಡು ಬಂದರೂ ಸರಿ, ಮೇಜಿನ ಬಟ್ಟೆಯ ಮೇಲೆ ಇಡೀ ಮಸಿಕುಡಿಕೆ ಚೆಲ್ಲಿಕೊಂಡು ಬಂದರೂ ಸರಿ, ನಾವು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತೇವೆ, ನಂಬರಿನ ಚೀಟಿ ಕಟ್ಟುತ್ತೇವೆ, ತುಟಿಪಿಟಕ್ಕೆನ್ನದೆ ಒಳಗೆ ತೆಗೆದುಕೊಂಡು ಹೋಗುತ್ತೇವೆ. ವಾಪಸ್ ಕೊಡುವಾಗ ಕಲೆ ಎಲ್ಲಿತ್ತು ಎನ್ನುವುದು ಗಿರಾಕಿಗೇ ಮರೆತಿರಬೇಕು. “ಕಂಡೋರು ತೆಗೀರಿ, ಊರಿಗೆಲ್ಲ ಡಂಗುರ ಹೊಡೀಬೇಡಿ” ಎನ್ನುವುದು ಅಪ್ಪನ ಮಾತು.

ಅಂಗಡಿಯ ಈ ಕಟ್ಟಳೆ ಯಾವಾಗ ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಬಂತೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೆ ಯಾರು ಉಕ್ಕಿಸಿದರು ಎಂದು ಗೊತ್ತಾಗುವುದಿಲ್ಲ. ಗಾಜಿನ ಲೋಟ ಒಂದು ಕಡಿಮೆಯಾಗಿರುತ್ತದೆ, ಅಷ್ಟೆ. ಬಂದುಹೋಗುವವರು ನಮ್ಮನ್ನು ಬಲು ಹೊಂದಾಣಿಕೆಯ ಜನ ಎಂದು ಹೊಗಳುತ್ತಾರೆ. ನನ್ನನ್ನು ಕೇಳಿದರೆ ನಾವೆಲ್ಲ ಗುಮ್ಮನಗುಸುಕರು. ಅದರಲ್ಲಿ ನನಗೊಬ್ಬಳಿಗೆ ಮಾತ್ರ ಕೋಪ ಮೂಗಿನ ತುದಿಯಲ್ಲಿದೆ, ಆದ್ದರಿಂದ ನನ್ನಿಂದ ಮುಚ್ಚಿಡುವುದು ಎಲ್ಲರಿಗೂ ಇನ್ನಷ್ಟು ಹೆಚ್ಚು.

ಕೆಲಸ ಹಂಚಿಕೊಂಡಿದ್ದೇವೆ. ಒಗೆಯುವ ಯಂತ್ರಗಳು ಮತ್ತು ವ್ಯಾನು ತಮ್ಮನದು. ಕೌಂಟರ್ ಮತ್ತು ಬಟ್ಟೆ ಮಡಿಸುವುದು ಅವನ ಹೆಂಡತಿಯದು. ಇಸ್ತ್ರಿ ನನ್ನದು. ಕಲೆ ಮಾತ್ರ ಇವತ್ತಿಗೂ ಅಪ್ಪನದೇ. ಕಿಟಕಿಯ ಹತ್ತಿರ ಒಂದು ಎತ್ತರದ ಕುರ್ಚಿ, ಮುಂದೆ ಸೀಸೆಗಳು, ಬ್ರಷ್ಷುಗಳು, ಬಟ್ಟೆಯ ಚೂರುಗಳು. ಕುರ್ಚಿಯ ಕಾಲಿನ ಬುಡದಲ್ಲಿ ಹಳೆಯ ಕಂಬಳಿಯ ಮೇಲೆ ಸುಕ್ಕ.

ಸುಕ್ಕ ನಮ್ಮ ನಾಯಿ. ಮರಿಯಾಗಿದ್ದಾಗಲೇ ಹಣೆಯ ತುಂಬ ಗೆರೆ, ಸದಾ ಏನನ್ನೋ ಯೋಚಿಸುವ ಮುಖ. ನಮ್ಮ ಅಂಗಡಿಯಲ್ಲಿ ನನ್ನ ಇಸ್ತ್ರಿಗೆ ಬಗ್ಗದ ಸುಕ್ಕು ಅದೊಂದೇ ಎಂದು ಅಮ್ಮ ನಕ್ಕು ಆ ಹೆಸರಿಟ್ಟಳು. ಅಮ್ಮ ಹೋದ ಮೇಲೆ ಅಪ್ಪ ಹಗಲೆಲ್ಲ ಮಾತಾಡುವುದು ಅವನೊಡನೆಯೇ. ಈಗ ಅವನ ಮೂತಿ ಬೆಳ್ಳಗಾಗಿದೆ, ಮಂಡಿ ಹಿಡಿದುಕೊಳ್ಳುತ್ತದೆ. ಅಪ್ಪನದೂ ಅದೇ ಕಥೆ. ಸಂಜೆ ಇಬ್ಬರೂ ಮೆಟ್ಟಿಲು ಹತ್ತುವಾಗ ನಡುವೆ ನಿಂತು ನಿಂತು ಹತ್ತುತ್ತಾರೆ. ಯಾರು ಯಾರಿಗೆ ಕಾಯುತ್ತಿದ್ದಾರೆ ಎಂದು ಕೇಳಿದರೆ ಅಪ್ಪ ನಾಯಿಯ ಕಡೆ ಬೆರಳು ತೋರಿಸುತ್ತಾರೆ.

ಆ ದಿನ ಬೆಳಿಗ್ಗೆ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಇಸ್ತ್ರಿ ಮೇಜಿನ ಹಿಂದೆ ಸುಕ್ಕನ ಹೊಟ್ಟೆ ಗುಡುಗುಡು ಎಂದಿದ್ದು ಕೇಳಿಸಿತು. ಆಮೇಲೆ ವಾಂತಿಯ ಸದ್ದು. ನನ್ನ ಕೈಯಲ್ಲಿ ಒಂದು ಅಂಗಿಯಿತ್ತು. ಅರ್ಧ ಇಸ್ತ್ರಿಯಾದ ಅಂಗಿಯನ್ನು ಬಿಟ್ಟು ನಾನು ಏಳುವವಳಲ್ಲ. ಅಂಗಡಿಗೆ ಬೆಂಕಿ ಬಿದ್ದರೂ ಅಕ್ಕ ಎರಡನೇ ತೋಳು ಮುಗಿಸಿಯೇ ಹೊರಗೆ ಓಡುತ್ತಾಳೆ ಎಂದು ತಮ್ಮ ಅಣಕಿಸುತ್ತಾನೆ. ತೋಳು ಮುಗಿಸಿ, ಅಂಗಿಯನ್ನು ಹ್ಯಾಂಗರಿಗೆ ಹಾಕಿ ಹೋಗಿ ನೋಡಿದೆ. ಹಿಂದಿನ ಸಂಜೆ ತಿಂದದ್ದು ಹಾಗೆಯೇ ಬಂದಿತ್ತು, ಸುತ್ತ ಹಳದಿ ನೊರೆ. ಸುಕ್ಕ ತಪ್ಪು ಮಾಡಿದವನಂತೆ ಬಾಲವನ್ನು ಕಾಲಿನ ನಡುವೆ ಸಿಕ್ಕಿಸಿಕೊಂಡು ನನ್ನನ್ನೇ ನೋಡುತ್ತಿದ್ದ. “ಹೋಗ್ಲಿ ಬಿಡೋ, ನಿನಗೇನು ಬೈದೆನಾ?” ಎಂದೆ. ಬಿಸಿನೀರು ತಂದು ಒರೆಸಿದೆ. ಬಾಯ್ಲರ್ ಇರುವ ಅಂಗಡಿ, ನಮ್ಮಲ್ಲಿ ನೆಲಕ್ಕೂ ಬಿಸಿನೀರೇ.

ಯಾರಿಗೂ ಹೇಳಲಿಲ್ಲ. ವಯಸ್ಸಾದ ನಾಯಿ ಒಮ್ಮೆ ವಾಂತಿ ಮಾಡಿಕೊಂಡರೆ ಅದೇನು ಲೋಕ ಮುಳುಗುವ ಸುದ್ದಿಯೇ? ಜೊತೆಗೆ ಅಪ್ಪ ಕೆಲವು ದಿನಗಳಿಂದ ತಟ್ಟೆಯಲ್ಲಿ ಅರ್ಧ ಹಾಗೇ ಬಿಡುತ್ತಿದ್ದರು. ಸುಕ್ಕ ಸೊರಗುವುದನ್ನು ನೋಡಿ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದು ನಾವೆಲ್ಲ ತಿಳಿದಿದ್ದೆವು. ಇದೂ ಗೊತ್ತಾದರೆ ಉಳಿದರ್ಧವನ್ನೂ ಬಿಟ್ಟಾರು ಎಂದು ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡೆ. ಪಾಪ, ಹೊಟ್ಟೆ ಖಾಲಿಯಾಗಿರುತ್ತದೆ ಎಂದು ಸುಕ್ಕನಿಗೆ ಒಂದು ಚೂರು ಬ್ರೆಡ್ಡನ್ನೂ ಹಾಕಿದೆ.

ಮಧ್ಯಾಹ್ನ ಅಂಚೆಯವನು ಬಂದ. ಅಂಚೆಯವನಿಗೂ ಸುಕ್ಕನಿಗೂ ಹಳೆಯ ಹಗೆ. ಮಂಡಿ ಎಷ್ಟೇ ನೋಯಲಿ, ಆ ಸೈಕಲ್ಲಿನ ಗಂಟೆ ಕೇಳಿದರೆ ಸುಕ್ಕ ಬಾಗಿಲವರೆಗೆ ಹೋಗಿ ಅವನ ವಂಶವನ್ನೆಲ್ಲ ಬೈದು ಬರುತ್ತಾನೆ. ಆ ದಿನ ತಲೆಯನ್ನೂ ಎತ್ತಲಿಲ್ಲ.

“ಏನಮ್ಮ, ನಿಮ್ಮ ನಾಯಿ ನನ್ನ ಮೇಲೆ ಕೋಪ ಬಿಡ್ತಾ?” ಎಂದು ಅಂಚೆಯವನು ನಕ್ಕ. ನನಗೆ ನಗು ಬರಲಿಲ್ಲ.

ಹಿಂದಿನ ಕೋಣೆಗೆ ಹೋಗಿ ತಮ್ಮನ ಹೆಂಡತಿಯನ್ನು ಕೇಳಿದೆ. “ಸುಕ್ಕ ಇವತ್ತು ಯಾಕೋ ಮಂಕಾಗಿದ್ದಾನೆ, ನೋಡಿದ್ಯಾ?”

ಅವಳು ಮಡಿಸುತ್ತಿದ್ದ ಹಾಸು ಕೈಯಲ್ಲೇ ನಿಂತಿತು. “ಅಕ್ಕ, ಬೈಬೇಡಿ. ಅವನು ಬೆಳಿಗ್ಗೆ ಹಿಂಬಾಗಿಲ ಹತ್ರ ವಾಂತಿ ಮಾಡ್ದ. ನಾನೇ ಒರೆಸ್ದೆ. ನಿನ್ನೆ ಬೇಯಿಸಿದ ಮೊಟ್ಟೆ ಹಾಕಿದ್ನಲ್ಲ, ಅದೇ ಇರ್ಬೇಕು ಅಂತ ಸುಮ್ಮನಾದೆ.”

“ಆಮೇಲೆ ಏನಾದ್ರೂ ತಿನ್ನೋಕೆ ಹಾಕಿದ್ಯಾ?”

“ಸ್ವಲ್ಪ ಹಾಲು. ಖಾಲಿ ಹೊಟ್ಟೆ ಅಂತ.”

ಯಂತ್ರದ ಪಕ್ಕದಲ್ಲಿ ನಿಂತಿದ್ದ ತಮ್ಮ ಕೆಮ್ಮಿದ. ಚಿಕ್ಕಂದಿನಿಂದಲೂ ಅವನ ತಪ್ಪು ಮೊದಲು ಕೆಮ್ಮಾಗಿಯೇ ಹೊರಗೆ ಬರುವುದು. “ನಾನೂ ಒಂದ್ಸಲ ಒರೆಸ್ದೆ, ಅಕ್ಕ. ಒಂದಲ್ಲ, ಎರಡು. ಒಂದು ಆ ಪರದೆಗಳ ಗಂಟಿನ ಪಕ್ಕದಲ್ಲೇ ಆಗಿತ್ತು. ಗಿರಾಕಿ ಬಟ್ಟೆ ಅಂತ ನೀನು ಕೂಗಾಡ್ತೀಯ ಅಂದ್ಕೊಂಡು…”

“ನೀನೇನು ಹಾಕ್ದೆ?”

“ಬಿಸ್ಕತ್ತು.”

ಮೂವರೂ ಮುಖಮುಖ ನೋಡಿಕೊಂಡೆವು. ಒಂದು ನಾಯಿ, ಮೂರು ಒರೆಸುಬಟ್ಟೆ, ಮೂರು ಊಟ. ತಾನು ಒರೆಸಿದ್ದಷ್ಟೇ ಅವನ ವಾಂತಿ ಎಂದು ಪ್ರತಿಯೊಬ್ಬರೂ ತಿಳಿದಿದ್ದೆವು. ಅವನು ಬೆಳಗಿನಿಂದಲೂ ಅದನ್ನೇ ಮಾಡುತ್ತಿದ್ದ, ನಾವು ಒಬ್ಬರ ಬೆನ್ನ ಹಿಂದೆ ಒಬ್ಬರು ಗುರುತು ಸಿಗದಂತೆ ಒರೆಸಿ, ಮತ್ತೆ ವಾಂತಿ ಮಾಡಲು ಹೊಟ್ಟೆಗೆ ಹಾಕುತ್ತಿದ್ದೆವು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದರಲ್ಲಿ ನನ್ನ ಪಾಲೂ ಇತ್ತಾದ್ದರಿಂದ ಬಾಯಿಬಿಟ್ಟು ಬೈಯಲೂ ಆಗಲಿಲ್ಲ.

ತಮ್ಮನ ಹೆಂಡತಿ ಬಟ್ಟಲಲ್ಲಿ ನೀರು ಹಿಡಿದಳು. ಸುಕ್ಕ ಆಸೆಯಿಂದ ಕುಡಿದ. ನಾವು ನೋಡುತ್ತಿದ್ದಂತೆಯೇ ಅದಷ್ಟೂ ವಾಪಸ್ ಬಂತು. ನಾಲ್ಕು ಕಾಲೂ ನಡುಗುತ್ತಿದ್ದವು. ತಮ್ಮ ಅಭ್ಯಾಸಬಲದಿಂದ ಬಟ್ಟೆಗೆ ಕೈ ಹಾಕಿದ. “ಮುಟ್ಟಿದ್ರೆ ನೋಡು!” ಎಂದು ಕೂಗಿದೆ.

ಪ್ರಾಣಿಗಳ ಡಾಕ್ಟರಮ್ಮನ ಚಿಕಿತ್ಸಾಲಯ ಎರಡು ಬೀದಿಯಾಚೆ. ಅವರ ಬಿಳಿ ಕೋಟುಗಳು ಒಗೆತಕ್ಕೆ ನಮ್ಮಲ್ಲಿಗೇ ಬರುತ್ತವೆ, ಹಾಗಾಗಿ ಫೋನ್ ನಂಬರು ಗೋಡೆಯ ಮೇಲೇ ಇತ್ತು. ಫೋನ್ ಮಾಡಿದೆ. ಅವರು ಸುತ್ತುಬಳಸು ಇಲ್ಲದೆ ಕೇಳಿದರು.

“ಎಷ್ಟು ಸಲ ಆಯ್ತು?”

“ಸರಿಯಾಗಿ ಗೊತ್ತಿಲ್ಲ, ಡಾಕ್ಟ್ರೇ. ಎಲ್ಲ ಒರೆಸ್ಬಿಟ್ಟಿದ್ದೀವಿ.”

“ನೀರು ನಿಲ್ತಾ ಇದ್ಯಾ?”

“ಇಲ್ಲ. ಈಗಷ್ಟೇ ಕುಡಿದದ್ದೂ ಹೊರಗೆ ಬಂತು.”

“ತುಟಿ ಎತ್ತಿ ವಸಡು ಮುಟ್ಟಿ ನೋಡಿ. ಒದ್ದೆ ಇದ್ಯಾ, ಅಂಟಂಟಾಗಿದ್ಯಾ? ಹೊಟ್ಟೆ ಉಬ್ಬಿದ್ಯಾ? ವಾಂತೀಲಿ ರಕ್ತ ಏನಾದ್ರೂ ಕಾಣ್ತಾ? ಕೆಂಪಗೇ ಇರ್ಬೇಕು ಅಂತಿಲ್ಲ, ಕಾಫಿ ಪುಡಿ ಥರ ಕಪ್ಪಗೂ ಇರಬಹುದು.”

ವಸಡು ಒಣಗಿ ಅಂಟಂಟಾಗಿತ್ತು, ಬಣ್ಣ ಬಿಳಿಚಿಕೊಂಡಿತ್ತು. ಹೊಟ್ಟೆ ಉಬ್ಬಿರಲಿಲ್ಲ. ರಕ್ತ ನಾವು ಯಾರೂ ಕಂಡಿರಲಿಲ್ಲ. ಹಾಗೆಂದೆ.

“ಒಂದ್ಸಲ ವಾಂತಿ ಮಾಡಿ ಮತ್ತೆ ಬಾಲ ಅಲ್ಲಾಡಿಸ್ಕೊಂಡು ಓಡಾಡೋ ನಾಯಿಗೆ ನಾನೂ ಸ್ವಲ್ಪ ಹೊತ್ತು ನೋಡಿ ಅಂತೀನಿ. ಇದು ಹಾಗಲ್ಲ. ವಯಸ್ಸಾದ ನಾಯಿ, ಪದೇ ಪದೇ ಆಗಿದೆ, ನೀರೂ ನಿಲ್ತಿಲ್ಲ, ಸುಸ್ತಾಗಿದೆ. ಬಾಯಿಗೆ ಇನ್ನೇನೂ ಹಾಕ್ಬೇಡಿ. ಈಗ್ಲೇ ಕರ್ಕೊಂಡು ಬನ್ನಿ. ನಾಳೆ ಅನ್ಬೇಡಿ.”

ಫೋನ್ ಇಟ್ಟು ತಿರುಗಿದರೆ ಅಪ್ಪ ಕುರ್ಚಿಯಿಂದ ಇಳಿದು ಸುಕ್ಕನ ಮುಂದೆ ನಿಂತಿದ್ದರು. ಮಂಡಿ ನೋವಿನವರು ಅಷ್ಟು ಬೇಗ ಇಳಿದದ್ದನ್ನು ನಾನು ಇತ್ತೀಚೆಗೆ ಕಂಡಿರಲಿಲ್ಲ.

“ಎಲ್ಲೂ ಬೇಡ,” ಎಂದರು. “ವಯಸ್ಸಾದ ಮೇಲೆ ಹೊಟ್ಟೆ ಹೀಗೇ. ಇವತ್ತು ಮಲಗ್ಲಿ. ನಾಳೆ ನೋಡೋಣ.”

“ಅಪ್ಪಾ, ನೀರೂ ನಿಲ್ತಿಲ್ಲ ಅವನಿಗೆ.”

“ನಾನು ದಿನವೆಲ್ಲ ಇಲ್ಲೇ ಕೂತಿದ್ದೀನಲ್ಲ. ನನಗೇನೂ ಕಾಣ್ಲಿಲ್ಲ.”

ಅಪ್ಪ ಸುಳ್ಳು ಹೇಳುವವರಲ್ಲ, ಹೇಳಲು ಬರುವುದೂ ಇಲ್ಲ. ಮಾತು ಹೇಳಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ನಾನು ಅವರ ಕುರ್ಚಿಯ ಕೆಳಗೆ ನೋಡಿದೆ. ಕಂಬಳಿಯ ಒಂದು ಮೂಲೆ ಒದ್ದೆಯಾಗಿತ್ತು. ಪಕ್ಕದಲ್ಲಿ ಅವರ ಬಿಳಿಯ ಪಿಂಗಾಣಿ ಬೋಗುಣಿ. ಬೆರಳು ಅದ್ದಿದೆ. ನೀರು ತಣ್ಣಗಿತ್ತು. ತಳದಲ್ಲಿ ಕರಗದೆ ಉಳಿದ ಉಪ್ಪು ಬೆರಳಿಗೆ ಹತ್ತಿತು.

ಎಣ್ಣೆಗೆ ಸೀಮೆಸುಣ್ಣದ ಪುಡಿ, ಮಸಿಗೆ ಸ್ಪಿರಿಟ್ಟು, ಮಿಕ್ಕಿದ್ದಕ್ಕೆಲ್ಲ ಬಿಸಿನೀರು. ತಣ್ಣೀರು ಮತ್ತು ಉಪ್ಪು ನಮ್ಮ ಅಂಗಡಿಯಲ್ಲಿ ಒಂದೇ ಒಂದು ಕಲೆಗೆ. ಬಿಸಿ ತಾಗಿದರೆ ಆ ಕಲೆ ಬಟ್ಟೆಯನ್ನು ಹಿಡಿದುಕೊಂಡು ಕೂತುಬಿಡುತ್ತದೆ ಎಂದು ನನಗೆ ಕಲಿಸಿದವರೇ ಅಪ್ಪ.

“ತಣ್ಣೀರು ಯಾಕಪ್ಪಾ?” ಎಂದೆ.

ಅವರು ಕಾಲಿನಿಂದ ಬೋಗುಣಿಯನ್ನು ಕುರ್ಚಿಯ ಹಿಂದಕ್ಕೆ ಸರಿಸಿದರು.

“ರಕ್ತ ಇತ್ತಾ?”

“ಕಪ್ಪಗಿತ್ತು,” ಎಂದರು. “ಪುಡಿಪುಡಿಯಾಗಿ. ನೀರಲ್ಲಿ ಬಿಟ್ಟಾಗ ಕೆಂಪು ಬಿಡ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?” ನನ್ನ ದನಿ ಇಡೀ ಬೀದಿಗೆ ಕೇಳಿಸಿರಬೇಕು. ತಮ್ಮನ ಹೆಂಡತಿ ನನ್ನ ತೋಳು ಹಿಡಿದಳು.

“ಹೇಳಿದ್ರೆ ಅಲ್ಲಿಗೆ ಕರ್ಕೊಂಡು ಹೋಗ್ತೀರಿ,” ಎಂದರು ಅಪ್ಪ. “ಆ ಡಾಕ್ಟರಮ್ಮನ ಕೋಟಿನ ಕಲೆ ತೆಗೆಯೋನು ನಾನು. ವಾರವಾರವೂ ಅದರ ಮೇಲೆ ಏನೇನು ಬರುತ್ತೆ ಅಂತ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ವಯಸ್ಸಾಯ್ತು, ಇನ್ನು ಸಾಕು ಅಂತ ಸೂಜಿ ಚುಚ್ಚಿಬಿಡ್ತಾರೆ. ನೀವೂ ಹೂಂ ಅಂತೀರಿ.”

ಆಗ ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ನನ್ನಪ್ಪ ಆ ಚಿಕಿತ್ಸಾಲಯದ ಒಳಗೆ ಒಂದು ಸಲವೂ ಕಾಲಿಟ್ಟವರಲ್ಲ. ಅಲ್ಲಿಂದ ಅವರ ಕೈಗೆ ಬರುತ್ತಿದ್ದದ್ದು ರಕ್ತದ ಕಲೆಗಳು ಮಾತ್ರ. ಅಷ್ಟರಿಂದಲೇ ಒಳಗಿನದನ್ನೆಲ್ಲ ಅವರು ಊಹಿಸಿಕೊಂಡು ಕೂತಿದ್ದರು.

“ನೀವೂ ಬನ್ನಿ,” ಎಂದೆ. “ನೀವು ಹೂಂ ಅನ್ನದೆ ಯಾರೂ ಏನೂ ಮಾಡಲ್ಲ. ನನ್ನಾಣೆ.”

ತಮ್ಮ ಸುಕ್ಕನನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡ. ವ್ಯಾನಿನಲ್ಲಿ ತೂಗುಹಾಕಿದ್ದ ಕೋಟು ಸೀರೆಗಳ ಕೆಳಗೆ ಅಪ್ಪ ನೆಲದಲ್ಲೇ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಪ್ರತಿ ತಿರುವಿನಲ್ಲಿ ಯಾರದೋ ಸೀರೆಯ ಸೆರಗು ಅಪ್ಪನ ತಲೆಯ ಮೇಲೆ ಬೀಳುತ್ತಿತ್ತು. ಬೇರೆ ದಿನವಾಗಿದ್ದರೆ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ಡಾಕ್ಟರಮ್ಮ ಸುಕ್ಕನ ಹೊಟ್ಟೆಯನ್ನು ಮೆತ್ತಗೆ ಒತ್ತಿ ನೋಡಿದರು, ಕುತ್ತಿಗೆಯ ಚರ್ಮ ಎತ್ತಿ ಬಿಟ್ಟರು. ಎತ್ತಿದ ಚರ್ಮ ಕೆಳಗಿಳಿಯಲು ತಡಮಾಡಿತು. ಮೈಯಲ್ಲಿ ನೀರಿನಂಶವೇ ಇಲ್ಲ ಎಂದರು. ನಾನು ಕಪ್ಪು ವಾಂತಿಯ ವಿಷಯ ಹೇಳಿದೆ.

“ಏನಾದ್ರೂ ನುಂಗಿದ್ದಾನಾ? ಗುಂಡಿ, ದಾರ, ಬಟ್ಟೆ ಚೂರು?”

“ಇಲ್ಲ.”

“ಇಲಿ ಪಾಷಾಣ ಇಟ್ಟಿದ್ದೀರಾ? ಅಂಗಡೀಲಿ ಸೀಸೆಗಳು ಇರ್ತವಲ್ಲ, ಅದನ್ನ ನೆಕ್ಕೋಕೆ ಆಗುತ್ತಾ?”

“ಎಲ್ಲ ಎತ್ತರದಲ್ಲಿದೆ, ಡಾಕ್ಟ್ರೇ.”

“ಮನುಷ್ಯರ ಮಾತ್ರೆ ಏನಾದ್ರೂ ಕೊಟ್ಟಿದ್ದೀರಾ?”

ತಮ್ಮ ಇಲ್ಲ ಎಂದ. ಅವನ ಹೆಂಡತಿ ಇಲ್ಲ ಎಂದಳು. ನಾನೂ ಇಲ್ಲ ಎಂದೆ. ಅಪ್ಪ ಅಂಗಿಯ ಜೇಬಿಗೆ ಕೈ ಹಾಕಿ, ತಮ್ಮದೇ ಮಂಡಿ ನೋವಿನ ಮಾತ್ರೆಯ ಪಟ್ಟಿಯನ್ನು ತೆಗೆದು ಮೇಜಿನ ಮೇಲೆ ಸುಕ್ಕನ ಪಕ್ಕದಲ್ಲಿಟ್ಟರು.

“ಅರ್ಧ ನನಗೆ, ಅರ್ಧ ಅವನಿಗೆ,” ಎಂದರು. “ಚಳಿ ಶುರುವಾದಾಗಿಂದ. ಮೆಟ್ಟಿಲು ಹತ್ತೋಕೆ ಅವನಿಗೆ ನನಗಿಂತ ಕಷ್ಟ ಆಗ್ತಿತ್ತು. ನನಗೆ ಆರಾಮ ಕೊಡುತ್ತೆ, ಅವನಿಗೂ ಕೊಡ್ಲಿ ಅಂತ…” ಕಣ್ಣಲ್ಲಿ ನೀರು ತುಂಬಿಕೊಂಡಿತು. ಅಮ್ಮ ಹೋದ ದಿನವೂ ನಮ್ಮೆದುರು ಅಳದ ಅಪ್ಪ.

ಡಾಕ್ಟರಮ್ಮ ಬೈದಿದ್ದರೆ ನಾನು ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆನೋ ಏನೋ. ಅವರು ಬೈಯಲಿಲ್ಲ. ಪಟ್ಟಿಯ ಹೆಸರು ಓದಿ, ಆಗಲೇ ಸುಕ್ಕನ ಮುಂಗಾಲಿನ ಕೂದಲು ಬೋಳಿಸತೊಡಗಿದರು.

“ಯಜಮಾನ್ರೇ, ಇದನ್ನ ಹೇಳಿದ್ರಲ್ಲ, ಇವನಿಗೆ ದೊಡ್ಡ ಉಪಕಾರ ಮಾಡಿದ್ರಿ. ಇಲ್ಲದಿದ್ರೆ ನಾನು ಕತ್ತಲಲ್ಲಿ ತಡಕಾಡಬೇಕಿತ್ತು. ನಮಗೆ ಆಗೋ ಮಾತ್ರೆ ನಾಯಿಗೆ ಆಗಲ್ಲ. ಹೊಟ್ಟೆ ಒಳಗೆ ಹುಣ್ಣಾಗುತ್ತೆ, ಕಿಡ್ನಿಗೂ ಪೆಟ್ಟು ಬೀಳುತ್ತೆ. ನಾಯಿ ಮಂಡಿಗೆ ಬೇರೆ ಔಷಧ ಇದೆ. ಈಗ ಡ್ರಿಪ್ ಹಾಕ್ತೀನಿ, ಹೊಟ್ಟೆ ಹುಣ್ಣಿಗೆ ಔಷಧ ಕೊಡ್ತೀನಿ, ರಕ್ತ ಪರೀಕ್ಷೆ ಮಾಡ್ತೀನಿ. ಇಲ್ಲೇ ಇರ್ಲಿ. ಉಳಿಯುತ್ತೆ ಅಂತ ಇವತ್ತು ಮಾತು ಕೊಡೋಕಾಗಲ್ಲ.”

“ಸೂಜಿ ಚುಚ್ಚಿ ಮುಗಿಸ್ಬಿಡಲ್ಲ ತಾನೇ?” ಎಂದು ಅಪ್ಪ ಕೇಳಿಯೇಬಿಟ್ಟರು. “ನಿಮ್ಮ ಕೋಟು ನೋಡ್ತೀನಲ್ಲಮ್ಮ ನಾನು.”

ಡಾಕ್ಟರಮ್ಮ ತಲೆಯೆತ್ತಿ ಅಪ್ಪನನ್ನು ನೋಡಿದರು. “ಬದುಕಿ ಮನೆಗೆ ಹೋದ ನಾಯಿಗಳ ರಕ್ತಾನೂ ಅದೇ ಕೋಟಿನ ಮೇಲೆ ಇರುತ್ತೆ, ಯಜಮಾನ್ರೇ. ಹೆಚ್ಚಿನದು ಅವರದೇ.”

ಅಪ್ಪನಿಗೆ ಇದು ಹೊಸ ವಿಷಯ. ಆಮೇಲೆ ಸುಕ್ಕನ ಕಿವಿಯ ಹಿಂದೆ ತುರಿಸಿ, ಹೂಂ ಎಂದರು.

ನಾವು ಹೊರಡುವಾಗ ಡಾಕ್ಟರಮ್ಮ ಆ ಪಟ್ಟಿಯನ್ನು ಅಪ್ಪನ ಕೈಗೆ ಕೊಡುತ್ತ ಕೇಳಿದರು. “ನಿಮಗೆ ಹೇಗಿದೆ ಹೊಟ್ಟೆ? ಇದು ಕೆಲವರಿಗೆ ಉರಿ ತರುತ್ತೆ. ಹಾಗಿದ್ರೆ ನಿಮ್ಮ ಡಾಕ್ಟರ್ ಹತ್ರ ಹೇಳಿ.”

“ನನಗೇನಮ್ಮಾ,” ಎಂದರು ಅಪ್ಪ. “ಕಲ್ಲು ತಿಂದು ಕರಗಿಸ್ತೀನಿ.”

ಸುಕ್ಕ ಅಲ್ಲಿದ್ದ ದಿನಗಳಲ್ಲಿ ಅಂಗಡಿಯಲ್ಲಿ ಯಾರಿಗೂ ಕೈ ಓಡಲಿಲ್ಲ. ತಮ್ಮ ಬಿಳಿ ಬಟ್ಟೆಯ ಜೊತೆ ಕೆಂಪು ಕಾಲುಚೀಲ ಹಾಕಿ ಒಂದು ಕುಟುಂಬದ ಒಳಉಡುಪನ್ನೆಲ್ಲ ಗುಲಾಬಿ ಮಾಡಿಟ್ಟ. ಅಪ್ಪ ಬೆಳಿಗ್ಗೆ ಸಂಜೆ ಚಿಕಿತ್ಸಾಲಯಕ್ಕೆ ಹೋಗಿ ಕೂತು ಬಂದರು. ಒಂದು ಸಂಜೆ ಬಾಗಿಲಲ್ಲೇ ನಿಂತು, “ನೀರು ಕುಡಿದ, ನಿಂತಿತು” ಎಂದರು. ತಮ್ಮನ ಹೆಂಡತಿ ಮಡಿಸಿದ ಬಟ್ಟೆಗಳ ಮೇಲೆ ತಲೆಯಿಟ್ಟು ಗಳಗಳನೆ ಅತ್ತಳು. ನಾನು ಬೈಯಲಿಲ್ಲ. ಆ ಬಟ್ಟೆಗಳನ್ನು ಮತ್ತೆ ಇಸ್ತ್ರಿ ಮಾಡಿದೆ.

ಸುಕ್ಕ ಬಡಕಲಾಗಿ, ಮುಂಗಾಲಿನಲ್ಲಿ ಬೋಳು ಪಟ್ಟಿಯೊಂದಿಗೆ ಮನೆಗೆ ಬಂದ. ಕಿಡ್ನಿ ಸ್ವಲ್ಪ ಸೋತಿದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಮತ್ತೆ ವಾಂತಿಯಾದರೆ ಒರೆಸುವ ಮೊದಲು ಎಲ್ಲರಿಗೂ ಹೇಳಿ, ಫೋಟೊ ತೆಗೆದಿಡಿ, ಎಷ್ಟು ಹೊತ್ತಿಗೆ ಆಯಿತೆಂದು ಬರೆದಿಡಿ ಎಂದಿದ್ದರು. ಅಂದಿನಿಂದ ನಮ್ಮ ಅಂಗಡಿಗೆ ಹೊಸ ಕಟ್ಟಳೆ ಬಂತು: ಮೊದಲು ಹೇಳುವುದು, ಆಮೇಲೆ ಒರೆಸುವುದು. ಹೊಸತರಲ್ಲಿ ಅದು ಅತಿಯಾಯಿತು. ಸುಕ್ಕ ಸೀನಿದರೂ ತಮ್ಮ ಯಂತ್ರ ನಿಲ್ಲಿಸಿ ಓಡಿಬರುತ್ತಿದ್ದ. ಅಂಚೆಯವನನ್ನು ಸುಕ್ಕ ಮೊದಲ ಸಲ ಬೈದಾಗ ಅಂಚೆಯವನೂ ಸೇರಿ ಎಲ್ಲರೂ ಚಪ್ಪಾಳೆ ತಟ್ಟಿದೆವು.

ಅಪ್ಪ ಮಾತ್ರ ಹೆಚ್ಚು ಮಾತಾಡುತ್ತಿರಲಿಲ್ಲ. ತಟ್ಟೆಯಲ್ಲಿ ಅರ್ಧ ಬಿಡುವುದು ನಿಂತಿರಲಿಲ್ಲ. ಮಾಡಿದ್ದು ಇನ್ನೂ ಮನಸ್ಸನ್ನು ಕೊರೆಯುತ್ತಿದೆ ಎಂದು ನಾವು ಮಾತಾಡಿಕೊಂಡೆವು. ಅದನ್ನೂ ಅವರ ಬೆನ್ನ ಹಿಂದೆಯೇ ಮಾತಾಡಿಕೊಂಡೆವು, ನಮ್ಮ ಬುದ್ಧಿ ಎಲ್ಲಿಗೆ ಹೋದೀತು?

ಒಂದು ಬೆಳಿಗ್ಗೆ ಕೌಂಟರಿನಲ್ಲಿ ಗಿರಾಕಿಯೊಬ್ಬ ತನ್ನ ಅಂಗಿಗಾಗಿ ಕಾಯುತ್ತಿದ್ದ. ನಾನು ಒಂದು ತೋಳು ಮುಗಿಸಿ ಇನ್ನೊಂದನ್ನು ಮೇಜಿನ ಮೇಲೆ ಹಾಸಿದ್ದೆ.

“ಎಲ್ಲರೂ ಬನ್ರೋ ಇಲ್ಲಿ,” ಎಂದು ಅಪ್ಪ ಕೂಗಿದರು.

ಯಂತ್ರ ನಿಂತಿತು. ತಮ್ಮನ ಹೆಂಡತಿ ಫೋನು ಹಿಡಿದು ಓಡಿಬಂದಳು. ನಾನು ಕತ್ತು ಚಾಚಿ ನೋಡಿದೆ. ಸುಕ್ಕ ಕಂಬಳಿಯ ಮೇಲೆ ಅಂಗಾತ ಮಲಗಿ, ನಾಲ್ಕು ಕಾಲು ಮೇಲಕ್ಕೆತ್ತಿ ಗೊರಕೆ ಹೊಡೆಯುತ್ತಿದ್ದ.

“ಅವನಿಗೇನಿಲ್ಲ,” ಎಂದರು ಅಪ್ಪ. ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. “ನನಗೆ. ಹೊಟ್ಟೆ ಉರೀತಾ ಇದೆ. ಬಹಳ ದಿನದಿಂದ. ತಿಂದದ್ದು ಸೇರಲ್ಲ. ಈಗ ಬೆಳಿಗ್ಗೆ ಮೇಲೆ ಬಚ್ಚಲಲ್ಲಿ ವಾಂತಿ ಆಯ್ತು.”

ತಮ್ಮನ ಹೆಂಡತಿ ಹಿಡಿದಿದ್ದ ಫೋನನ್ನು ಕೆಳಗಿಳಿಸಿದಳು.

“ಒರೆಸಿಲ್ಲ,” ಎಂದರು. “ಹಾಗೇ ಬಿಟ್ಟಿದ್ದೀನಿ. ಹೋಗಿ ನೋಡಿ.”

ಗಿರಾಕಿ ಗಡಿಯಾರ ನೋಡಿಕೊಂಡ. ಅಂಗಿಯ ಎರಡನೇ ತೋಳು ಇನ್ನೂ ಸುಕ್ಕುಸುಕ್ಕಾಗಿಯೇ ಇತ್ತು. ನಾನು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ ಮೆಟ್ಟಿಲ ಕಡೆಗೆ ಓಡಿದೆ.